ಜೇಮ್ಸ್ ಲೂನಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಂಗಭೂಮಿಯಲ್ಲಿ ಆಸಕ್ತಿ ಇರುವವರ ಜೊತೆ ಲೂನಾ ಹೆಸರು ಎತ್ತಿದರೆ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಒಂದೇ ಕಡೆ ಬರೆದಿಟ್ಟಿದ್ದೇನೆ. ಪೂರ್ತಿ ಓದೋಕೆ ಟೈಮ್ ಇಲ್ಲದವರು ಗಾಜಿನ ಪೆಟ್ಟಿಗೆಯದ್ದು ಮತ್ತು ಕುಡಿತದ್ದು, ಈ ಎರಡು ಪ್ರಶ್ನೆ ಓದಿದರೂ ಸಾಕು.

ಯಾರು ಈ ಜೇಮ್ಸ್ ಲೂನಾ?

ಕ್ಯಾಲಿಫೋರ್ನಿಯಾದ ಮೂಲನಿವಾಸಿ ಕಲಾವಿದ. 1950ರಲ್ಲಿ ಆರೆಂಜ್ ಅನ್ನೋ ಊರಿನಲ್ಲಿ ಹುಟ್ಟಿದರು. 2018ರ ಮಾರ್ಚ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ತೀರಿಕೊಂಡರು, ಆಗ 68 ವರ್ಷ. ಲೂಯಿಸೆನ್ಯೊ ಸಮುದಾಯದವರು. ಆ ಜನ ತಮ್ಮನ್ನು ಪಯೋಮ್ಕವಿಚುಮ್ ಅಂತ ಕರೆದುಕೊಳ್ಳುತ್ತಾರೆ. ಲೂನಾ ಮನೆತನದಲ್ಲಿ ಮೆಕ್ಸಿಕನ್ ಕಡೆಯೂ ಇತ್ತು. ಅದನ್ನೂ ಅವರು ಮುಚ್ಚಿಡಲಿಲ್ಲ, ಅರ್ಧ ಇಂಡಿಯನ್ (ನಮ್ಮ ದೇಶದವರಲ್ಲ, ಅಮೆರಿಕದ ಮೂಲನಿವಾಸಿಗಳನ್ನು ಅಲ್ಲಿ ಹೀಗೇ ಕರೆಯುತ್ತಾರೆ) ಅರ್ಧ ಮೆಕ್ಸಿಕನ್ ಅಂತ ತಮ್ಮದೇ ಫೋಟೋಗಳನ್ನು ಇಟ್ಟು 1991ರಲ್ಲಿ ಒಂದು ಕೃತಿ ಮಾಡಿದರು.

ಅರ್ವೈನ್‌ನ ಯೂನಿವರ್ಸಿಟಿಯಲ್ಲಿ ಕಲೆ ಓದಿ 1976ರಲ್ಲಿ ಪದವಿ ಪಡೆದರು. ಶುರು ಮಾಡಿದ್ದು ಚಿತ್ರಕಲೆಯಿಂದ. ಆಮೇಲೆ ಸ್ಯಾನ್ ಡಿಯಾಗೊದಲ್ಲಿ ಕೌನ್ಸೆಲಿಂಗ್‌ನಲ್ಲಿ ಸ್ನಾತಕೋತ್ತರ ಪದವಿ, 1983ರಲ್ಲಿ. ಪಾಲೊಮಾರ್ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕೌನ್ಸೆಲರ್ ಆಗಿ ವರ್ಷಗಟ್ಟಲೆ ಕೆಲಸ ಮಾಡಿದರು. ಈ ಕೌನ್ಸೆಲರ್ ಕೆಲಸವನ್ನು ಅವರ ಬಗ್ಗೆ ಬರೆಯುವವರು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಮುಖ್ಯ ಅನಿಸುತ್ತದೆ. ಎದುರಿಗೆ ಕೂತವರ ಕಷ್ಟ ಕೇಳುತ್ತಾ ಸುಮ್ನೆ ಕೂರೋದು ಹೇಗೆ, ಯಾವ ಕ್ಷಣದಲ್ಲಿ ಮಾತು ನಿಲ್ಲಿಸಿದರೆ ಎದುರಿನವರಿಗೆ ಇರುಸುಮುರುಸು ಆಗುತ್ತದೆ, ಇದೆಲ್ಲ ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ವೇದಿಕೆ ಮೇಲೆ ಅದು ಕಾಣುತ್ತದೆ.

ಲೂನಾ ಇದ್ದದ್ದು ಲಾ ಹೋಯಾದಲ್ಲಿ ಅಂತಾರೆ. ಲಾ ಹೋಯಾ ಅಂದ್ರೆ ಸ್ಯಾನ್ ಡಿಯಾಗೊದ ಆ ಬೀಚ್, ದೊಡ್ಡ ದೊಡ್ಡ ಮನೆ ಇರೋ ಜಾಗ ಅಲ್ವಾ?

ಅಲ್ಲ. ಸ್ಯಾನ್ ಡಿಯಾಗೊದಲ್ಲಿ ಕೆಲಸಕ್ಕಿರುವ ನಮ್ಮವರು ತುಂಬಾ ಜನ ಇದನ್ನೇ ಕೇಳುತ್ತಾರೆ. ಸಮುದ್ರದ ಪಕ್ಕದ ಲಾ ಹೋಯಾ ಬೇರೆ. ಲೂನಾ ಬದುಕಿದ್ದು ಲಾ ಹೋಯಾ ಇಂಡಿಯನ್ ರಿಸರ್ವೇಶನ್‌ನಲ್ಲಿ. ಅದು ಜಿಲ್ಲೆಯ ಉತ್ತರಕ್ಕೆ, ಪಾಲೊಮಾರ್ ಬೆಟ್ಟದ ಮಗ್ಗುಲಲ್ಲಿ ಇದೆ. ಬೆಟ್ಟದ ಮೇಲೆ ಆ ಹೆಸರಾಂತ ದೊಡ್ಡ ದೂರದರ್ಶಕ ಇದೆಯಲ್ಲ, ಅದೇ ಪಾಲೊಮಾರ್. ಇಲ್ಲಿ ರಿಸರ್ವೇಶನ್ ಅಂದ್ರೆ ನಮ್ಮ ಮೀಸಲಾತಿ ಅಂದುಕೊಳ್ಳಬೇಡಿ. ಒಂದು ಕಾಲಕ್ಕೆ ಪೂರ್ತಿ ಸೀಮೆಯೇ ಯಾರದಾಗಿತ್ತೋ ಆ ಜನರಿಗೆ, ಎಲ್ಲ ಕಿತ್ತುಕೊಂಡ ಮೇಲೆ ಇಷ್ಟು ನಿಮ್ಮದು ಅಂತ ಗೆರೆ ಎಳೆದು ಬಿಟ್ಟ ನೆಲ ಅದು.

ಇದು ನಾಟಕವಾ, ಚಿತ್ರಕಲೆಯಾ, ಏನು ಅಂತ ಕರೀಬೇಕು?

ಏನಾದರೂ ಕರೀರಿ. ಒಂದೇ ಕೃತಿಯಲ್ಲಿ ಸ್ಲೈಡ್ ಶೋ ಇರುತ್ತದೆ, ರಾಕ್ ಸಂಗೀತ ಇರುತ್ತದೆ, ಒಬ್ಬರೇ ನಿಂತು ಹೇಳುವ ಕತೆ ಇರುತ್ತದೆ, ಕುಣಿತ, ವಿಡಿಯೊ, ಜೋಡಿಸಿಟ್ಟ ವಸ್ತುಗಳು ಎಲ್ಲ ಇರುತ್ತವೆ. ಗ್ಯಾಲರಿಯವರು ಇನ್‌ಸ್ಟಲೇಶನ್, ಅಂದ್ರೆ ಒಂದು ಜಾಗದಲ್ಲಿ ವಸ್ತು ಜೋಡಿಸಿ ಮಾಡುವ ಕಲೆ, ಅಂದರು, ರಂಗಭೂಮಿಯವರು ಪರ್ಫಾರ್ಮೆನ್ಸ್ ಅಂದರು. ಹಾಡು, ಕುಣಿತ, ಮಾತು, ಬಣ್ಣ ಎಲ್ಲ ಒಟ್ಟಿಗೇ ಇರುವ ಯಕ್ಷಗಾನ ನೋಡಿ ಬೆಳೆದ ನಮಗೆ ಈ ಪ್ರಶ್ನೆ ಅಷ್ಟು ಕಾಡಬಾರದು.

ಆ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದು ನಿಜವಾ?

ನಿಜ. ಅವರ ಹೆಸರು ಕೇಳಿದವರಿಗೆಲ್ಲ ಗೊತ್ತಿರೋದು ಇದೊಂದೇ. ಕೃತಿಯ ಹೆಸರು ‘ದಿ ಆರ್ಟಿಫ್ಯಾಕ್ಟ್ ಪೀಸ್’. ಆರ್ಟಿಫ್ಯಾಕ್ಟ್ ಅಂದ್ರೆ ಮ್ಯೂಸಿಯಂಗಳಲ್ಲಿ ಇಡುವಂಥ ಹಳೇ ವಸ್ತು. ಮಾಡಿದ್ದು 1987ರಲ್ಲಿ, ಸ್ಯಾನ್ ಡಿಯಾಗೊದ ಬಲ್ಬೋವಾ ಪಾರ್ಕ್‌ನಲ್ಲಿದ್ದ ಮ್ಯೂಸಿಯಂ ಆಫ್ ಮ್ಯಾನ್‌ನಲ್ಲಿ. ಆ ಮ್ಯೂಸಿಯಂ 2020ರಲ್ಲಿ ಹೆಸರು ಬದಲಿಸಿಕೊಂಡಿತು, ಈಗ ಅದು ಮ್ಯೂಸಿಯಂ ಆಫ್ ಅಸ್.

ಅಲ್ಲಿ ಸ್ಯಾನ್ ಡಿಯಾಗೊ ಸೀಮೆಯ ಮೂಲನಿವಾಸಿಗಳಾದ ಕುಮಿಯಾಯ್ ಜನರ ಬಗ್ಗೆ ಒಂದು ವಿಭಾಗ ಇತ್ತು. ಬುಟ್ಟಿ, ಮಡಕೆ, ಹಳೇ ಬದುಕಿನ ಮಾದರಿಗಳು. ಹೇಳೋ ರೀತಿ ಮಾತ್ರ ಆ ಜನ ಯಾವತ್ತೋ ಮುಗಿದುಹೋದರು ಅನ್ನೋ ಹಾಗೆ. ಅದರ ಮಧ್ಯೆಯೇ ಒಂದು ಪೆಟ್ಟಿಗೆ, ಒಳಗೆ ಮರಳು, ಮರಳಿನ ಮೇಲೆ ಲಂಗೋಟಿ ಕಟ್ಟಿಕೊಂಡು ಅಲ್ಲಾಡದೆ ಮಲಗಿದ ಲೂನಾ. ಮೈ ಪಕ್ಕದಲ್ಲಿ ಅಲ್ಲಲ್ಲಿ ಮ್ಯೂಸಿಯಂ ಶೈಲಿಯ ಚೀಟಿಗಳು. ಹತ್ತಿರ ಹೋಗಿ ಓದಿದರೆ ಮೈ ಮೇಲಿನ ಗಾಯದ ಕಲೆಗಳ ವಿವರ. ಕುಡಿದಾಗ ಆದ ಗಾಯ, ಜಗಳದಲ್ಲಿ ಬಿದ್ದ ಏಟು, ಹೀಗೆ. ‘ಶಿಲಾಯುಗದ ಆಯುಧ’ ಅಂತ ಬರೆಯುವ ಅದೇ ತಣ್ಣನೆ ಧಾಟಿಯಲ್ಲಿ ಒಬ್ಬ ಮನುಷ್ಯನ ಕುಡಿತ, ಹೊಡೆದಾಟ ಎಲ್ಲ ಬರೆದಿತ್ತು.

ಪಕ್ಕದಲ್ಲಿ ಇನ್ನೆರಡು ಪೆಟ್ಟಿಗೆ. ಒಂದರಲ್ಲಿ ಅವರ ಜನ ಈಗಲೂ ಬಳಸುವ ಪೂಜೆ ಆಚರಣೆಯ ಸಾಮಾನುಗಳು. ಇನ್ನೊಂದರಲ್ಲಿ ಡಿಪ್ಲೊಮಾ, ಡೈವೋರ್ಸ್ ಪೇಪರ್, ಫೋಟೋಗಳು, ಸಂಗೀತದ ರೆಕಾರ್ಡುಗಳು. ನನಗೆ ಇಷ್ಟವಾಗಿದ್ದು ಈ ಮೂರನೇ ಪೆಟ್ಟಿಗೆ. ಮಲಗಿದ ದೇಹದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ, ಆದರೆ ಡೈವೋರ್ಸ್ ಪೇಪರ್ ಇಲ್ಲದಿದ್ದರೆ ಅದು ಒಂದು ಬರೀ ಗಂಭೀರ ಪ್ರತಿಭಟನೆ ಆಗಿಬಿಡುತ್ತಿತ್ತು. ಅದು ಅಲ್ಲಿರೋದರಿಂದ, ಕಾಲೇಜು ಮುಗಿಸಿ ಮದುವೆಯಾಗಿ ಡೈವೋರ್ಸ್ ಆಗಿ ಹಾಡು ಕೇಳಿಕೊಂಡು ಇರುವ, ಪಕ್ಕದ ಮನೆಯವನಂಥ ಒಬ್ಬ ಗಂಡಸು ಅಲ್ಲಿ ಮಲಗಿದ್ದಾನೆ ಅಂತ ತಲೆಗೆ ಹೋಗುತ್ತದೆ.

ನೋಡಲು ಬಂದವರು ಏನು ಮಾಡಿದರು?

ಬೊಂಬೆ ಅಂದುಕೊಂಡರು. ಎದೆ ಏರಿಳಿಯೋದು ಕಂಡು ಬೆಚ್ಚಿದರು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಜೀವಂತ ಅಂತ ಗೊತ್ತಾದ ಮೇಲೂ ಕೆಲವರು ಅವರ ಎದುರೇ, ಅವರಿಗೆ ಕೇಳಿಸುವ ಹಾಗೆಯೇ, ಅವರ ಮೈ ಬಗ್ಗೆ ಮಾತಾಡಿಕೊಂಡು ನಿಂತರು. ಲೂನಾ ಎಲ್ಲ ಕೇಳಿಸಿಕೊಳ್ಳುತ್ತಾ ಮಲಗಿದ್ದರು. ಒಂದೊಂದು ಸಲ ಕಣ್ಣು ಬಿಡುತ್ತಿದ್ದರು ಅಷ್ಟೇ.

ಅಲ್ಲಿಗೆ ನೋಟ ತಿರುಗುಮುರುಗಾಯಿತು. ಈಗ ಪ್ರದರ್ಶನಕ್ಕೆ ನಿಂತವರು ನೋಡಲು ಬಂದವರೇ. ಲೂನಾ ಅವರ ಮುಂದಿನ ಮೂವತ್ತು ವರ್ಷದ ಕೆಲಸವೆಲ್ಲ ಈ ತಿರುವಿನ ಸುತ್ತಲೇ ಇದೆ ಅನ್ನೋದು ನನ್ನ ಲೆಕ್ಕ.

ಆ ಮ್ಯೂಸಿಯಂ ಮೇಲೆ ಯಾಕೆ ಅಷ್ಟು ಸಿಟ್ಟು?

ಒಂದು ಮ್ಯೂಸಿಯಂ ಮೇಲೆ ಮಾತ್ರ ಅಲ್ಲ. ಆದರೆ ಆ ಜಾಗಕ್ಕೆ ಒಂದು ಹಿನ್ನೆಲೆ ಇದೆ. 1915ರಲ್ಲಿ ಅದೇ ಪಾರ್ಕ್‌ನಲ್ಲಿ ಪನಾಮಾ ಕಾಲುವೆ ತೆರೆದ ಸಂಭ್ರಮಕ್ಕೆ ದೊಡ್ಡ ಪ್ರದರ್ಶನ ನಡೆಯಿತು. ಮ್ಯೂಸಿಯಂ ಹುಟ್ಟಿದ್ದೇ ಆ ಪ್ರದರ್ಶನದ ಸಾಮಾನುಗಳಿಂದ. ಅದೇ ಪ್ರದರ್ಶನದಲ್ಲಿ ಸಾಂತಾ ಫೆ ರೈಲ್ವೆ ಕಂಪನಿ ‘ಪೇಂಟೆಡ್ ಡೆಸರ್ಟ್’ ಅಂತ ಒಂದು ನಕಲಿ ಹಳ್ಳಿ ಕಟ್ಟಿ, ನೈಋತ್ಯ ಸೀಮೆಯಿಂದ ಮೂಲನಿವಾಸಿಗಳನ್ನು ಕರೆತಂದು ಅಲ್ಲೇ ಇರಿಸಿತ್ತು. ಜನ ಟಿಕೆಟ್ ಕೊಟ್ಟು ಒಳಗೆ ಹೋಗಿ ಅವರು ಮಡಕೆ ಮಾಡೋದು, ನೇಯೋದು, ಕುಣಿಯೋದು ನೋಡುತ್ತಿದ್ದರು. ಮುಂದೆ ಜಗತ್ತಿನಾದ್ಯಂತ ಹೆಸರು ಮಾಡಿದ ಕುಂಬಾರಗಿತ್ತಿ ಮರಿಯಾ ಮಾರ್ಟಿನೆಜ್ ಕೂಡ ಅಲ್ಲಿದ್ದರು. ಹಾಗಾಗಿ ಆ ಪಾರ್ಕ್‌ನಲ್ಲಿ ಜೀವಂತ ಮನುಷ್ಯರನ್ನು ನೋಡಲು ಇಟ್ಟಿದ್ದು ಲೂನಾ ಮೊದಲಲ್ಲ. ತನ್ನನ್ನು ತಾನೇ ಇಟ್ಟುಕೊಂಡದ್ದು, ಚೀಟಿ ತಾನೇ ಬರೆದದ್ದು, ಅಲ್ಲಿದೆ ವ್ಯತ್ಯಾಸ.

ಇನ್ನೊಂದು ವಿಷಯ. ಮೂಲನಿವಾಸಿಗಳ ಅಸ್ಥಿಗಳನ್ನು, ಪವಿತ್ರ ವಸ್ತುಗಳನ್ನು ಮ್ಯೂಸಿಯಂಗಳು ವಾಪಸ್ ಕೊಡಬೇಕು ಅಂತ ಅಮೆರಿಕದಲ್ಲಿ ಕಾನೂನು ಬಂದದ್ದು 1990ರಲ್ಲಿ. ಲೂನಾ ಮಲಗಿದ ಹೊತ್ತಿಗೆ ಅಜ್ಜ ಅಜ್ಜಿಯರ ಮೂಳೆಗಳು ದೇಶದ ತುಂಬಾ ಕಪಾಟುಗಳಲ್ಲೇ ಇದ್ದವು. ಆ ಸಂದರ್ಭ ಬಿಟ್ಟು ನೋಡಿದರೆ ಪೆಟ್ಟಿಗೆ ಬರೀ ಒಂದು ಗಿಮಿಕ್ ಥರ ಕಾಣುತ್ತದೆ.

ಫೋಟೋ ತೆಗೆಸಿಕೊಳ್ಳುವ ಪ್ರದರ್ಶನ ಒಂದಿದೆಯಂತಲ್ಲ?

‘ಟೇಕ್ ಎ ಪಿಕ್ಚರ್ ವಿತ್ ಎ ರಿಯಲ್ ಇಂಡಿಯನ್’. ಶುರುವಾಗಿದ್ದು 1991ರಲ್ಲಿ ನ್ಯೂಯಾರ್ಕ್‌ನಲ್ಲಿ. ನಿಜವಾದ ಇಂಡಿಯನ್ ಜೊತೆ ಫೋಟೋ ತೆಗೆಸಿಕೊಳ್ಳಿ ಬನ್ನಿ ಅಂತ ಲೂನಾ ಜಾತ್ರೆಯ ಧಾಟಿಯಲ್ಲಿ ಕರೆಯುತ್ತಾರೆ. ವೇಷ ಮೂರು. ಒಂದು ಲಂಗೋಟಿ. ಒಂದು ಗರಿ, ಮಣಿ ಎಲ್ಲ ಇರುವ ಕುಣಿತದ ಉಡುಗೆ. ಇನ್ನೊಂದು ಮಾಮೂಲಿ ಪ್ಯಾಂಟು ಶರ್ಟು. ಕ್ಲಿಕ್ ಮಾಡಿದ ಕೂಡಲೇ ಪ್ರಿಂಟ್ ಬರುವ ಪೋಲರಾಯ್ಡ್ ಕ್ಯಾಮೆರಾದಲ್ಲಿ ಎರಡು ಫೋಟೋ. ಒಂದು ಬಂದವರಿಗೆ, ಇನ್ನೊಂದು ಅಲ್ಲೇ ಉಳಿಯುತ್ತದೆ.

ಜನ ಜಾಸ್ತಿ ಆರಿಸಿಕೊಂಡದ್ದು ಯಾವುದನ್ನು ಅಂತ ಹೇಳಬೇಕಾಗಿಲ್ಲ ಅಲ್ವಾ? ಗರಿ. ಪ್ಯಾಂಟು ಶರ್ಟು ಹಾಕಿಕೊಂಡು ನಿಂತಾಗಲೂ ಅದೇ ಮನುಷ್ಯ, ಅದೇ ಮುಖ, ಆದರೆ ಆಗ ‘ನಿಜ’ ಅನಿಸೋದಿಲ್ಲ.

ಆ ‘ರಿಯಲ್’ ಅನ್ನೋ ಪದ ಸುಮ್ನೆ ಹಾಕಿದ್ದಲ್ಲ. 1990ರಲ್ಲೇ ಇನ್ನೊಂದು ಕಾನೂನು ಬಂದಿತ್ತು. ಬುಡಕಟ್ಟಿನ ಪಟ್ಟಿಯಲ್ಲಿ ಹೆಸರು ಇಲ್ಲದವರು, ಅಥವಾ ಬುಡಕಟ್ಟೇ ಒಪ್ಪಿ ಸರ್ಟಿಫಿಕೇಟ್ ಕೊಡದವರು, ತಮ್ಮ ಕಲೆಯನ್ನು ಇಂಡಿಯನ್ ಕಲೆ ಅಂತ ಮಾರುವ ಹಾಗಿಲ್ಲ ಅಂತ. ನಕಲಿ ಮಾಲು ತಡೆಯೋದು ಉದ್ದೇಶ, ಒಳ್ಳೇದೇ. ಆದರೆ ಯಾರು ಅಸಲಿ ಅನ್ನೋ ಜಗಳ ಕಲಾವಿದರ ಮಧ್ಯೆ ಜೋರಾಗಿ ನಡೆಯುತ್ತಿದ್ದ ಕಾಲ ಅದು.

ಇದನ್ನೇ 2010ರ ಕೊಲಂಬಸ್ ದಿನದಂದು, ಅಂದ್ರೆ ಕೊಲಂಬಸ್ ಅಮೆರಿಕಕ್ಕೆ ಬಂದದ್ದನ್ನು ನೆನೆಯುವ ದಿನ, ವಾಷಿಂಗ್ಟನ್‌ನ ಯೂನಿಯನ್ ಸ್ಟೇಶನ್ ಮುಂದೆ ಮತ್ತೆ ಮಾಡಿದರು. ಅಲ್ಲೇ ಕೊಲಂಬಸ್ ಸ್ಮಾರಕ ಇದೆ. ಆ ದಿನ, ಆ ಜಾಗ. ಬೇರೆ ಮಾತೇ ಬೇಕಾಗಲಿಲ್ಲ.

ಕುಡಿತ, ಶುಗರ್ ಅಂತೆಲ್ಲ ತೋರಿಸಿ ತಮ್ಮ ಜನರ ಮರ್ಯಾದೆ ತಾವೇ ತೆಗೆದಂತೆ ಆಗಲ್ವಾ?

ಈ ಪ್ರಶ್ನೆ ಕೇಳಲೇಬೇಕು. ಕುಡುಕ ಇಂಡಿಯನ್ ಅನ್ನೋದು ಬಿಳಿಯರ ಹಳೇ ಬೈಗುಳ. ಅದನ್ನು ತಾನೇ ವೇದಿಕೆಗೆ ತರೋದು ಕತ್ತಿಯ ಮೇಲಿನ ನಡಿಗೆ.

‘ದಿ ಹಿಸ್ಟರಿ ಆಫ್ ದಿ ಲೂಯಿಸೆನ್ಯೊ ಪೀಪಲ್’ ಅಂತ ಒಂದು ಕೃತಿ ಇದೆ. ಹೆಸರು ನೋಡಿದರೆ ದೊಡ್ಡ ಇತಿಹಾಸ ಬರುತ್ತೆ ಅನಿಸುತ್ತದೆ. ಇರೋದು ಇಷ್ಟೇ: 1990ರ ಕ್ರಿಸ್‌ಮಸ್, ರಿಸರ್ವೇಶನ್‌ನ ಒಂದು ರೂಮು, ಟಿವಿ ಆನ್ ಆಗಿದೆ, ಒಬ್ಬ ಗಂಡಸು ಒಂಟಿಯಾಗಿ ಕೂತು ಬಿಯರ್ ಕುಡಿಯುತ್ತಾ ಒಬ್ಬೊಬ್ಬರಿಗೇ ಫೋನ್ ಮಾಡುತ್ತಾನೆ. ಮನೆಯವರು, ಸ್ನೇಹಿತರು. ಹಬ್ಬದ ಶುಭಾಶಯ ಹೇಳುತ್ತಾನೆ, ಬರೋಕಾಗಲ್ಲ ಅಂತ ಏನೋ ನೆಪ ಹೇಳುತ್ತಾನೆ. ಫೋನ್ ಇಡುತ್ತಾನೆ. ಇನ್ನೊಂದು ಗುಟುಕು. ಮತ್ತೆ ಡಯಲ್. ಆ ಕಡೆಯವರ ದನಿ ನಮಗೆ ಕೇಳಿಸೋದಿಲ್ಲ. ನಗು ಬರುತ್ತದೆ, ಆಮೇಲೆ ಬರೋದಿಲ್ಲ. ಇದನ್ನು ನಿರ್ದೇಶಕ ಐಸಾಕ್ ಆರ್ಟೆನ್‌ಸ್ಟೈನ್ 1993ರಲ್ಲಿ ವಿಡಿಯೊ ಆಗಿ ಮಾಡಿದರು.

ಇನ್ನೊಂದು ‘ಇನ್ ಮೈ ಡ್ರೀಮ್ಸ್’. ಅದರಲ್ಲಿ ಲೂನಾ ಊಟಕ್ಕೆ ಕೂರುತ್ತಾರೆ. ಊಟ ಅಂದ್ರೆ ಡಬ್ಬಿಯ ಮಾಂಸ, ಸ್ಪ್ಯಾಮ್. ಅದರ ಮೇಲೆ ಸಾಸಿವೆ ಸಾಸು, ಕೆಚಪ್, ಶುಗರ್ ಇದ್ದವರು ಹಾಕಿಕೊಳ್ಳುವ ಸಿಹಿ ಪುಡಿ. ತಿನ್ನುವ ಮೊದಲು ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿಕೊಳ್ಳುತ್ತಾರೆ, ಇನ್ಸುಲಿನ್ ಹಾಕಿಕೊಳ್ಳುತ್ತಾರೆ. ಪ್ರೇಕ್ಷಕರ ಎದುರೇ. ನಟನೆ ಅಲ್ಲ, ಅವರಿಗೆ ಡಯಾಬಿಟಿಸ್ ಇತ್ತು.

ಇದಕ್ಕೆ ಕಾರಣ ಗೊತ್ತಿರಬೇಕು. ಬೇಟೆ, ಅರಣ್ಯ, ಓಕ್ ಮರದ ಕಾಯಿ ಇವೆಲ್ಲ ಕೈ ತಪ್ಪಿದ ಮೇಲೆ ರಿಸರ್ವೇಶನ್‌ಗಳಿಗೆ ಬಂದದ್ದು ಸರ್ಕಾರದ ಪಡಿ. ಮೈದಾ, ಸಕ್ಕರೆ, ಕೊಬ್ಬು, ಡಬ್ಬಿ ಮಾಂಸ. ತಲೆಮಾರುಗಳು ಅದನ್ನೇ ತಿಂದವು. ಅಮೆರಿಕದ ಮೂಲನಿವಾಸಿಗಳಲ್ಲಿ ಸಕ್ಕರೆ ಕಾಯಿಲೆ ಮಿಕ್ಕವರಿಗಿಂತ ತುಂಬಾ ಜಾಸ್ತಿ. ಅಂದ ಮೇಲೆ ಆ ತಟ್ಟೆಯಲ್ಲಿರೋದು ಒಬ್ಬನ ಬಾಯಿಚಪಲ ಅಲ್ಲ.

ಅದೇ ಪ್ರದರ್ಶನದಲ್ಲಿ ಗರಿ ಕಟ್ಟಿದ ಊರುಗೋಲುಗಳನ್ನು ರೆಕ್ಕೆ ಮಾಡಿಕೊಂಡು ಕುಣಿಯುತ್ತಾರೆ. ಜಿಮ್ ಸೈಕಲ್ ಮೇಲೆ ಕೂತು ತುಳಿಯುತ್ತಾರೆ, ಹಿಂದೆ ಪರದೆ ಮೇಲೆ ಹಳೇ ಬೈಕ್ ಸಿನಿಮಾಗಳ ತುಣುಕು ಓಡುತ್ತದೆ. ಎಷ್ಟು ತುಳಿದರೂ ಇದ್ದಲ್ಲೇ.

ಮರ್ಯಾದೆ ಪ್ರಶ್ನೆಗೆ ನನ್ನ ಉತ್ತರ: ಹೊರಗಿನವರು ಹೇಳಿದರೆ ಅದು ಬೈಗುಳ, ಲೂನಾ ಹೇಳುವಾಗ ಅದರ ಜೊತೆ ಫೋನ್ ಕರೆಗಳು, ನಾಚಿಕೆ, ಪ್ರೀತಿ ಎಲ್ಲ ಇವೆ. ಅದಕ್ಕೇ ಗಾಜಿನ ಪೆಟ್ಟಿಗೆಗಿಂತ ಈ ಎರಡು ಕೃತಿಗಳೇ ದೊಡ್ಡವು ಅಂತ ನಾನು ವಾದ ಮಾಡೋದು. ಪೆಟ್ಟಿಗೆಯನ್ನು ಒಂದು ಫೋಟೋದಲ್ಲಿ ಅರ್ಥ ಮಾಡಿಸಿಬಿಡಬಹುದು, ಪಠ್ಯಪುಸ್ತಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆ ಕ್ರಿಸ್‌ಮಸ್ ರಾತ್ರಿಯನ್ನು ಕೂತು ನೋಡಲೇಬೇಕು.

ವೆನಿಸ್‌ಗೆ ಹೋಗಿದ್ದು ಯಾವಾಗ? ಅಲ್ಲಿ ಏನು ಮಾಡಿದರು?

2005ರ ವೆನಿಸ್ ಬಿಯೆನಾಲೆ, ಎರಡು ವರ್ಷಕ್ಕೊಮ್ಮೆ ಇಟಲಿಯಲ್ಲಿ ನಡೆಯುವ ದೊಡ್ಡ ಕಲಾ ಪ್ರದರ್ಶನ. ಅಮೆರಿಕದ ರಾಷ್ಟ್ರೀಯ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇಂಡಿಯನ್ ಮ್ಯೂಸಿಯಂ ಕಳಿಸಿತು. ಕೃತಿ ‘ಎಮೆಂಡೇಶಿಯೊ’, ತಿದ್ದುಪಡಿ ಅಂತ ಇಟ್ಟುಕೊಳ್ಳಿ. ಅದನ್ನು ಅರ್ಪಿಸಿದ್ದು ಪಾಬ್ಲೊ ಟಾಕ್ ಅನ್ನೋ ಹುಡುಗನಿಗೆ.

ಈ ಟಾಕ್ ಕತೆ ಕೇಳಿ. 1822ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ರೇ ಮಿಶನ್‌ನಲ್ಲಿ, ಅಂದ್ರೆ ಕ್ರೈಸ್ತ ಪಾದ್ರಿಗಳ ನೆಲೆಯಲ್ಲಿ, ಹುಟ್ಟಿದ ಲೂಯಿಸೆನ್ಯೊ ಹುಡುಗ. ಹತ್ತು ವರ್ಷ ಇರುವಾಗ ಪಾದ್ರಿ ಪೆಯ್ರಿ ಅವನನ್ನೂ ಅಗಾಪಿಟೊ ಅನ್ನೋ ಇನ್ನೊಬ್ಬ ಹುಡುಗನನ್ನೂ ಹಡಗು ಹತ್ತಿಸಿಕೊಂಡು ಹೋದರು. 1834ರಲ್ಲಿ ರೋಮ್‌ಗೆ, ಪಾದ್ರಿಯಾಗುವ ಓದಿಗೆ. ಅಗಾಪಿಟೊ ಅಲ್ಲೇ ತೀರಿಹೋದ. ಟಾಕ್ ತನ್ನ ಭಾಷೆಯ ವ್ಯಾಕರಣ ಬರೆದ, ನಿಘಂಟು ಶುರು ಮಾಡಿದ, ತನ್ನ ಜನ ಹೇಗೆ ಬದುಕುತ್ತಿದ್ದರು, ಹೇಗೆ ಕುಣಿಯುತ್ತಿದ್ದರು ಅಂತ ಬರೆದಿಟ್ಟ. ಬಹುಭಾಷೆಗೆ ಹೆಸರಾಗಿದ್ದ ಕಾರ್ಡಿನಲ್ ಮೆಝೊಫಾಂಟಿಯ ಕಾಗದಗಳ ಜೊತೆ ಆ ಹಸ್ತಪ್ರತಿ ಉಳಿಯಿತು. ಹುಡುಗ ಉಳಿಯಲಿಲ್ಲ. 1841ರಲ್ಲಿ, ಇಪ್ಪತ್ತು ತುಂಬುವ ಮೊದಲೇ ಸತ್ತ. ಊರಿಗೆ ಮರಳಲೇ ಇಲ್ಲ.

ಲೂಯಿಸೆನ್ಯೊ ಬದುಕಿನ ಬಗ್ಗೆ ಒಳಗಿನವರೇ ಬರೆದ ಮೊದಲ ಬರಹ ಅದು, ಬರೆದವನು ಇನ್ನೂ ಮೀಸೆ ಮೂಡುವ ವಯಸ್ಸಿನವನು, ಅದೂ ಸಾವಿರಾರು ಮೈಲಿ ದೂರದ ಊರಿನಲ್ಲಿ ಕೂತು ನೆನಪಿನಿಂದ. ಲೂನಾ ಅವನಿಗಾಗಿ ಇಟಲಿಯಲ್ಲಿ ಒಂದು ಪ್ರಾರ್ಥನಾ ಮಂದಿರದಂಥ ಜಾಗ ಕಟ್ಟಿದರು. ನೆಲದ ಮೇಲೆ ಕಲ್ಲುಗಳ ವೃತ್ತ, ಅದರ ಜೊತೆ ಮತ್ತದೇ ಸ್ಪ್ಯಾಮ್ ಡಬ್ಬಿ, ಸಕ್ಕರೆ ಪೊಟ್ಟಣ, ಔಷಧಿ ಸೀಸೆ. ಆ ವೃತ್ತದಲ್ಲಿ ದಿನಗಟ್ಟಲೆ, ಗಂಟೆಗಟ್ಟಲೆ ಕುಣಿದರು, ವೇಷ ಬದಲಿಸಿ ಬದಲಿಸಿ.

ಲೂನಾ ಬಗ್ಗೆ ಮಾತಾಡುವಾಗ ಇಶಿ ಅಂತ ಒಂದು ಹೆಸರು ಬರುತ್ತಲ್ಲ, ಅದು ಯಾರು?

ಕ್ಯಾಲಿಫೋರ್ನಿಯಾದ ಯಾಹಿ ಅನ್ನೋ ಮೂಲನಿವಾಸಿ ಜನರಲ್ಲಿ ಕೊನೆಗೆ ಉಳಿದವರು. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಹತ್ತಿರ ಹಸಿದು ಹೊರಗೆ ಬಂದರು. ಯೂನಿವರ್ಸಿಟಿಯವರು ಸ್ಯಾನ್ ಫ್ರಾನ್ಸಿಸ್ಕೊದ ತಮ್ಮ ಮ್ಯೂಸಿಯಂನಲ್ಲೇ ಇರಿಸಿಕೊಂಡರು. ಅವರು ಬಾಣದ ಮೊನೆ ಕೆತ್ತೋದನ್ನು ನೋಡಲು ಜನ ಬರುತ್ತಿದ್ದರು. 1916ರಲ್ಲಿ ಕ್ಷಯದಿಂದ ಸತ್ತರು. ಮೆದುಳನ್ನು ತೆಗೆದು ಸ್ಮಿತ್ಸೋನಿಯನ್‌ಗೆ ಕಳಿಸಿದರು, ಅದು ವಾಪಸ್ ಬಂದದ್ದು 2000ದಲ್ಲಿ. ಲೂನಾ ಇವರ ಬಗ್ಗೆಯೂ ಪ್ರದರ್ಶನ ಮಾಡಿದರು. ಯಾಕೆ ಅಂತ ವಿವರಿಸಬೇಕಿಲ್ಲ.

ಇಷ್ಟೆಲ್ಲ ನೋವು ಇರುವ ಪ್ರದರ್ಶನದಲ್ಲಿ ನಗಬಹುದಾ?

ನಗಿ. ಲೂನಾ ತುಂಬಾ ತಮಾಷೆಯ ಮನುಷ್ಯ. ಮೆಕ್ಸಿಕನ್ ಕಲಾವಿದ ಗಿಯೆರ್ಮೊ ಗೊಮೆಜ್-ಪೆನ್ಯಾ ಜೊತೆ ಸೇರಿ ಮಾಡಿದ ಕೆಲಸಗಳಲ್ಲಿ ‘ಶೇಮ್-ಮ್ಯಾನ್’ ಅಂತ ಒಂದು ಪಾತ್ರ ಹಾಕುತ್ತಿದ್ದರು. ಶೇಮ್ ಅಂದ್ರೆ ನಾಚಿಕೆ. ಶಾಮನ್, ಅಂದ್ರೆ ಬುಡಕಟ್ಟಿನ ಮಂತ್ರವೈದ್ಯ, ಅನ್ನೋದನ್ನು ತಿರುಚಿದ್ದು, ಬೀದಿಯಲ್ಲಿ ಮಾಲು ಮಾರುವ ನಾಚಿಕೆಗೆಟ್ಟ ಗುರು. ಮೂಲನಿವಾಸಿ ಅಂದರೆ ಸಾಕು ಆಧ್ಯಾತ್ಮ ಹುಡುಕಿಕೊಂಡು ಬರುವವರಿಗೆ ಹಾಕಿದ ಟಾಂಗ್ ಅದು. ಹಾಗಂತ ಸಂಪ್ರದಾಯವನ್ನೇ ಗೇಲಿ ಮಾಡಿದರು ಅಂತಲ್ಲ, ಅದನ್ನು ಕೊಳ್ಳಲು ಬಂದವರನ್ನು ಗೇಲಿ ಮಾಡಿದರು.

ಪ್ರೇಕ್ಷಕರಲ್ಲಿ ಯಾರು ಯಾವಾಗ ನಗುತ್ತಾರೆ ಅನ್ನೋದೂ ಆಟದ ಭಾಗ. ಸಭೆಯಲ್ಲಿ ಮೂಲನಿವಾಸಿಗಳು ಜೋರಾಗಿ ನಗುತ್ತಿರುವಾಗ ಮಿಕ್ಕವರು ನಗಬಹುದೋ ಬೇಡವೋ ಅಂತ ಅತ್ತಿತ್ತ ನೋಡುತ್ತಾರೆ.

ಇದಕ್ಕೂ ನಮಗೂ ಏನು ಸಂಬಂಧ?

ಲೂನಾ ಅವರಿಗೆ ಕರ್ನಾಟಕದ ನಂಟು ಏನೂ ಇಲ್ಲ, ಎಳೆದು ತರೋದೂ ಬೇಡ. ಆದರೆ 2012ರಲ್ಲಿ ಅಂಡಮಾನ್‌ನ ಜರವಾ ಬುಡಕಟ್ಟಿನ ಹೆಂಗಸರನ್ನು ಪ್ರವಾಸಿಗರ ಎದುರು ಕುಣಿಸುವ ವಿಡಿಯೊ ಹೊರಬಿದ್ದು ದೇಶವೆಲ್ಲ ಗಲಾಟೆ ಆಗಿದ್ದು ನೆನಪಿದೆಯಲ್ಲ? ಅಷ್ಟು ದೂರವೂ ಬೇಡ. ಕಾಡಂಚಿನ ರೆಸಾರ್ಟ್‌ಗಳಲ್ಲಿ ಸಫಾರಿ ಮುಗಿದ ಮೇಲೆ ಸಂಜೆ ಬೆಂಕಿ ಹಾಕಿ ‘ಟ್ರೈಬಲ್ ಡ್ಯಾನ್ಸ್’ ಇಡುತ್ತಾರೆ. ಕುಣಿಯುವವರು ದುಡ್ಡಿಗೆ ಕುಣಿಯುತ್ತಾರೆ, ಅದು ಅವರ ದುಡಿಮೆ, ತಪ್ಪಲ್ಲ. ಕುಣಿತ ಮುಗಿದ ಮೇಲೆ ಸೆಲ್ಫಿಗೆ ಕರೆಯುವಾಗ ಸೊಪ್ಪಿನ ಉಡುಗೆ ಬಿಚ್ಚಿ ಜೀನ್ಸ್ ಹಾಕಿಕೊಂಡ ಹುಡುಗನನ್ನು ಯಾರೂ ಕರೆಯೋದಿಲ್ಲ. ಲೂನಾ ಅವರ ಮೂರು ವೇಷದ ಪಾಠ ಇಲ್ಲಿ ಹಾಗೇ ಹೊಂದುತ್ತದೆ.

ಗಾಜಿನ ಪೆಟ್ಟಿಗೆ ಪ್ರದರ್ಶನವನ್ನು ನಮ್ಮ ತಂಡ ಮಾಡಬಹುದಾ?

ನನ್ನ ಅಭಿಪ್ರಾಯ: ಬೇಡ. 2008ರಲ್ಲಿ ಅಲಾಸ್ಕಾ ಮೂಲದ ಕಲಾವಿದೆ ಎರಿಕಾ ಲಾರ್ಡ್ ಇದನ್ನು ನ್ಯೂಯಾರ್ಕ್‌ನಲ್ಲಿ ಮತ್ತೆ ಮಾಡಿದರು. ಅವರೂ ಮೂಲನಿವಾಸಿ, ಜೊತೆಗೆ ಹೆಣ್ಣು. ಪೆಟ್ಟಿಗೆಯೊಳಗೆ ಹೆಣ್ಣಿನ ದೇಹ ಮಲಗಿದಾಗ ನೋಡುವ ಕಣ್ಣಿನ ಅರ್ಥವೇ ಬದಲಾಗುತ್ತದೆ, ಹಾಗಾಗಿ ಅದು ಬರೀ ನಕಲು ಆಗಲಿಲ್ಲ. ಬೆಂಗಳೂರಿನಲ್ಲಿ ಯಾರೋ ಲಂಗೋಟಿ ಕಟ್ಟಿಕೊಂಡು ಮಲಗಿದರೆ ಅದರಲ್ಲಿ ಅವರದ್ದು ಅಂತ ಏನಿರುತ್ತದೆ? ನಿಮ್ಮ ಮೈ ಮೇಲಿನ ಕಲೆಗಳಿಗೆ ನೀವೇ ಚೀಟಿ ಬರೆಯಿರಿ, ಅದು ಬೇಕಾದರೆ ಮಾಡಿ.

ದೊಡ್ಡ ಪ್ರಶಸ್ತಿ ಏನಾದರೂ ಬಂತಾ?

2017ರಲ್ಲಿ ಗುಗ್ಗನ್‌ಹೈಮ್ ಫೆಲೋಶಿಪ್, ಕಲಾವಿದರಿಗೆ, ವಿದ್ವಾಂಸರಿಗೆ ಕೊಡುವ ಹೆಸರಾಂತ ಧನಸಹಾಯ. ಮರುವರ್ಷವೇ ಹೃದಯಾಘಾತ.

ಎಲ್ಲಿಂದ ನೋಡೋಕೆ ಶುರು ಮಾಡಲಿ?

ಮೊದಲು ಗಾಜಿನ ಪೆಟ್ಟಿಗೆಯ ಫೋಟೋ ನೋಡಿ, ಹೇಗೂ ಹುಡುಕಿದರೆ ಮೊದಲು ಬರೋದು ಅದೇ. ಅಲ್ಲಿಗೇ ನಿಲ್ಲಬೇಡಿ. ಆಮೇಲೆ ವಾಷಿಂಗ್ಟನ್‌ನ ಫೋಟೋ ಪ್ರದರ್ಶನದ ತುಣುಕು. ಅದಾದ ಮೇಲೆ ಕ್ರಿಸ್‌ಮಸ್ ರಾತ್ರಿಯ ವಿಡಿಯೊ ಎಲ್ಲಾದರೂ ಸಿಕ್ಕರೆ ಪೂರ್ತಿ ನೋಡಿ, ಅರ್ಧ ಗಂಟೆಯೂ ಇಲ್ಲ. ಇಂಗ್ಲಿಷ್ ಅಷ್ಟು ಬರದಿದ್ದರೂ ನಡೆಯುತ್ತದೆ, ಅಲ್ಲಿರೋದು ಮನೆಗೆ ಮಾಡುವ ಫೋನ್ ಮಾತು. ಓದೋದು ಇಷ್ಟ ಇರುವವರು ಪಾಬ್ಲೊ ಟಾಕ್ ಬರೆದಿದ್ದನ್ನು ಹುಡುಕಿ. ಚಿಕ್ಕದು, ಒಂದೇ ಸಲ ಕೂತು ಮುಗಿಸಬಹುದು.